ಬೈಕಿನಿಂದ ಆಯಿಲ್ ಸೋರುತ್ತಿದೆಯಾ? ಸೀಲ್ ಬದಲಿಸುವ ಮೊದಲು ಸೋರುವ ಜಾಗ ಹಿಡಿಯಿರಿ

ಬೈಕ್ ನಿಲ್ಲಿಸಿದ ಜಾಗದಲ್ಲಿ ಕಪ್ಪು ಕಲೆ ಕಂಡರೆ ಕೆಲವರು ಸುಮ್ನೆ ಒಂದು ಗೋಣಿಚೀಲ ಹಾಸಿ ಅದರ ಮೇಲೆ ನಿಲ್ಲಿಸುತ್ತಾರೆ. ಇನ್ನು ಕೆಲವರು ಸೀದಾ ಗ್ಯಾರೇಜಿಗೆ ಹೋಗಿ "ಆಯಿಲ್ ಸೀಲ್ ಹೋಗಿದೆ, ಚೇಂಜ್ ಮಾಡಿ" ಅನ್ನುತ್ತಾರೆ. ಯಾವ ಸೀಲು? ಶಾಫ್ಟಿನ ಸುತ್ತ ಕೂತು ಆಯಿಲ್ ಹೊರಬರದಂತೆ ತಡೆಯುವ ರಬ್ಬರ್ ಉಂಗುರವೇ ಸೀಲು. ಒಂದು ಮಾಮೂಲಿ 100 ಸಿಸಿ ಎಂಜಿನ್ನಿನಲ್ಲೇ ಗೇರ್ ಶಾಫ್ಟಿಗೊಂದು, ಚೈನ್ ಸ್ಪ್ರಾಕೆಟ್ ಶಾಫ್ಟಿಗೊಂದು, ಕಿಕ್ಕರ್ ಶಾಫ್ಟಿಗೊಂದು, ವಾಲ್ವ್‌ಗಳಿಗೆ ಬೇರೆ, ಹೀಗೆ ಹಲವು ಸೀಲುಗಳಿರುತ್ತವೆ. ಇವಲ್ಲದೆ ಎರಡು ಭಾಗ ಸೇರುವ ಸಂದಿಗೆ ಹಾಕುವ ಪ್ಯಾಕಿಂಗು, ಓ-ರಿಂಗು, ವಾಶರು. ಎಲ್ಲಿಂದ ಬರುತ್ತಿದೆ ಅಂತ ಗೊತ್ತಿಲ್ಲದೆ ಕೈ ಹಾಕಿದರೆ ದುಡ್ಡು ಹೋಗುತ್ತದೆ, ಸೋರಿಕೆ ಉಳಿಯುತ್ತದೆ.

ಇಲ್ಲಿ ಮುಖ್ಯವಾಗಿ ಮಾತಾಡುತ್ತಿರುವುದು 100ರಿಂದ 150 ಸಿಸಿಯ ಫೋರ್ ಸ್ಟ್ರೋಕ್ ಬೈಕ್‌ಗಳ ಬಗ್ಗೆ. ಸ್ಪ್ಲೆಂಡರ್, ಪ್ಲಾಟಿನಾ, ಶೈನ್, ಪಲ್ಸರ್ ಥರದವು. ಸ್ಕೂಟರ್ ಮತ್ತು ಹಳೇ ಟು ಸ್ಟ್ರೋಕ್ ಗಾಡಿಗಳ ವಿಷಯ ಕೊನೆಯ ಭಾಗದಲ್ಲಿ ಬೇರೆಯಾಗಿ ಬರುತ್ತದೆ.

ಕೈ ಹಾಕುವ ಮೊದಲು

ಎಂಜಿನ್ ಬಿಸಿ ಇರುವಾಗ ಆಯಿಲ್ ಇಳಿಸಬೇಡಿ, ಸೈಲೆನ್ಸರ್ ಪಕ್ಕ ಕೈ ಇಡಬೇಡಿ. ಒರೆಸಲು ಸೀಮೆಎಣ್ಣೆ, ಡೀಸೆಲ್ ಅಥವಾ ಡಿಗ್ರೀಸರ್ ಬಳಸಿ. ಪೆಟ್ರೋಲ್ ಬೇಡ. ಅದರ ಆವಿಗೆ ಒಂದು ಸಣ್ಣ ಕಿಡಿ ಸಾಕು.

ಚೈನ್ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಸ್ಟಾರ್ಟ್ ಮಾಡಿ ಗೇರಿಗೆ ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿದು ಒರೆಸುವವರನ್ನು ನೋಡಿರುತ್ತೀರಿ. ಬಟ್ಟೆ ಸ್ಪ್ರಾಕೆಟ್ಟಿಗೆ ಸಿಕ್ಕಿದರೆ ಜೊತೆಗೆ ಬೆರಳೂ ಹೋಗುತ್ತದೆ. ಎಂಜಿನ್ ಆಫ್, ಕೀ ಜೇಬಿನಲ್ಲಿ, ಗೇರ್ ನ್ಯೂಟ್ರಲ್. ಚಕ್ರವನ್ನು ಕೈಯಲ್ಲೇ ತಿರುಗಿಸಿ.

ಹಿಂದಿನ ಟೈರಿನ ಮೇಲೆ ಅಥವಾ ಬ್ರೇಕ್ ಮೇಲೆ ಆಯಿಲ್ ಬಿದ್ದಿದ್ದರೆ ಗಾಡಿ ಓಡಿಸಬೇಡಿ. ಡಿಪ್‌ಸ್ಟಿಕ್ಕಿನಲ್ಲಿ, ಅಂದರೆ ಆಯಿಲ್ ಮಟ್ಟ ನೋಡುವ ಕಡ್ಡಿಯಲ್ಲಿ, ಆಯಿಲ್ ಕೆಳಗಿನ ಗೆರೆಗಿಂತ ಕಡಿಮೆ ಇದ್ದರೂ ಅಷ್ಟೇ.

ಲಕ್ಷಣ: ನೆಲದ ಮೇಲೆ ಕಲೆ, ಆದರೆ ಏನು ಅಂತ ಗೊತ್ತಿಲ್ಲ

ರಾತ್ರಿ ಗಾಡಿ ಕೆಳಗೆ ಒಂದು ರಟ್ಟು ಅಥವಾ ಹಳೇ ಪೇಪರ್ ಹಾಸಿ. ಮುಂದಿನ ಚಕ್ರ ಯಾವ ಕಡೆ ಇತ್ತು ಅಂತ ಪೆನ್ನಿನಲ್ಲಿ ಗುರುತು ಹಾಕಿ. ಬೆಳಿಗ್ಗೆ ಹನಿ ಎಲ್ಲಿ ಬಿದ್ದಿದೆ ನೋಡಿದರೆ ಅರ್ಧ ಕೆಲಸ ಮುಗಿದ ಹಾಗೆ.

ಎಂಜಿನ್ ಆಯಿಲ್ ಕಂದು ಅಥವಾ ಕಪ್ಪು ಬಣ್ಣದ್ದು. ಬೆರಳಲ್ಲಿ ಉಜ್ಜಿದರೆ ಜಾರುತ್ತದೆ, ಪೇಪರಿನಲ್ಲಿ ಒಣಗುವುದಿಲ್ಲ, ನಿಧಾನವಾಗಿ ಹರಡುತ್ತದೆ. ಪೆಟ್ರೋಲ್ ಆದರೆ ವಾಸನೆಯಲ್ಲೇ ಗೊತ್ತಾಗುತ್ತದೆ, ಬೇಗ ಆರುತ್ತದೆ. ಕಾರ್ಬ್ಯುರೇಟರ್ ಇರುವ ಗಾಡಿಗಳಲ್ಲಿ ಅದು ಸಾಮಾನ್ಯವಾಗಿ ಕಾರ್ಬ್ಯುರೇಟರಿನ ಓವರ್‌ಫ್ಲೋ ಪೈಪಿನಿಂದ ಬರುತ್ತದೆ. ಮುಂದಿನ ಚಕ್ರದ ಹತ್ತಿರ, ಫೋರ್ಕ್ ಪೈಪಿನ ಮೇಲೆ ಎಣ್ಣೆಯ ಉಂಗುರ ಕಂಡರೆ ಅದು ಫೋರ್ಕ್ ಸೀಲು, ಎಂಜಿನ್ನಿಗೂ ಅದಕ್ಕೂ ಸಂಬಂಧ ಇಲ್ಲ. ಹಿಂದಿನ ರಿಮ್ಮಿನ ಮೇಲೆ ಸಣ್ಣ ಸಣ್ಣ ಕಪ್ಪು ಚುಕ್ಕಿ ಸಿಡಿದಿದ್ದರೆ ಚೈನಿಗೆ ಜಾಸ್ತಿ ಆಯಿಲ್ ಹಾಕಿದ್ದೀರಿ ಅಷ್ಟೇ.

ಇನ್ನೊಂದು ಬಹಳ ಜನರನ್ನು ಏಮಾರಿಸುತ್ತದೆ. ಹಲವು ಬೈಕ್‌ಗಳಲ್ಲಿ ಏರ್ ಫಿಲ್ಟರ್ ಡಬ್ಬಿಯ ಕೆಳಗೆ ಒಂದು ಸಣ್ಣ ಪೈಪು ಇಳಿಬಿದ್ದಿರುತ್ತದೆ, ತುದಿಗೆ ಮುಚ್ಚಳ ಇರುತ್ತದೆ. ಎಂಜಿನ್ನಿನ ಉಸಿರಿನ ಜೊತೆ ಬಂದ ಆಯಿಲ್ ಮತ್ತು ನೀರು ಅದರಲ್ಲಿ ಸೇರುತ್ತದೆ. ಮುಚ್ಚಳ ಬಿದ್ದುಹೋದರೆ ಅಲ್ಲಿಂದ ಕೊಳಕು ಹನಿ ಬೀಳುತ್ತದೆ. ಸರ್ವಿಸ್‌ನಲ್ಲಿ ಅದನ್ನು ಖಾಲಿ ಮಾಡಿ ಮುಚ್ಚಳ ಹಾಕಿದರೆ ಮುಗಿಯಿತು.

ಈಗ ಡಿಪ್‌ಸ್ಟಿಕ್ ನೋಡಿ. ಗಾಡಿ ಸಮನೆಲದಲ್ಲಿ, ಸೆಂಟರ್ ಸ್ಟ್ಯಾಂಡ್ ಮೇಲೆ ಇರಲಿ. ಎಂಜಿನ್ ಸ್ವಲ್ಪ ಹೊತ್ತು ಓಡಿಸಿ, ಆಫ್ ಮಾಡಿ, ಎರಡು ಮೂರು ನಿಮಿಷ ಬಿಡಿ. ಡಿಪ್‌ಸ್ಟಿಕ್ ಒರೆಸಿ ವಾಪಸ್ ಇಡಿ. ಹೆಚ್ಚಿನ ಸಣ್ಣ ಬೈಕ್‌ಗಳಲ್ಲಿ ತಿರುಗಿಸಿ ಬಿಗಿ ಮಾಡದೆ ಸುಮ್ನೆ ಕೂರಿಸಿ ನೋಡಬೇಕು. ಬಿಗಿ ಮಾಡಿ ನೋಡಿದರೆ ಕಡ್ಡಿ ಒಳಗೆ ಇಳಿದು, ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಈ ಗಾಡಿಗಳಲ್ಲಿ ಇರುವುದೇ ಸುಮಾರು ಮುಕ್ಕಾಲರಿಂದ ಒಂದು ಲೀಟರ್. ಕಾಲು ಲೀಟರ್ ಹೋದರೆ ಅದು ಸಣ್ಣ ವಿಷಯ ಅಲ್ಲ.

ಲಕ್ಷಣ: ಆಯಿಲ್ ಚೇಂಜ್ ಮಾಡಿಸಿದ ಮೇಲೆ ಶುರುವಾಯಿತು

ಹೀಗಾಗಿದ್ದರೆ ಸೀಲಿನ ಮೇಲೆ ಅನುಮಾನ ಬೇಡ. ಮೊದಲು ಡ್ರೈನ್ ಬೋಲ್ಟ್ ನೋಡಿ. ಅದರ ವಾಶರ್ ಅಲ್ಯೂಮಿನಿಯಮ್ಮಿನದು ಅಥವಾ ತಾಮ್ರದ್ದು, ಒಮ್ಮೆ ಅಮುಕಿದ ಮೇಲೆ ಮತ್ತೆ ಸರಿಯಾಗಿ ಕೂರುವುದಿಲ್ಲ. ಪ್ರತಿ ಆಯಿಲ್ ಚೇಂಜಿಗೂ ಹೊಸದು ಹಾಕಬೇಕು, ಆದರೆ ಯಾರೂ ಹಾಕುವುದಿಲ್ಲ. ಬದಲಿಗೆ ಬೋಲ್ಟನ್ನೇ ಇನ್ನಷ್ಟು ಬಿಗಿ ಮಾಡುತ್ತಾರೆ. ಎಂಜಿನ್ ಬಾಡಿ ಅಲ್ಯೂಮಿನಿಯಮ್ಮಿನದು, ಬೋಲ್ಟ್ ಕಬ್ಬಿಣದ್ದು. ಥ್ರೆಡ್ ಕಿತ್ತು ಬರುವುದು ಬಾಡಿಯದ್ದೇ. ಸಣ್ಣ ಬೈಕ್‌ಗಳಲ್ಲಿ ಈ ಬೋಲ್ಟಿಗೆ ಸಾಮಾನ್ಯವಾಗಿ 25 ನ್ಯೂಟನ್ ಮೀಟರ್ ಆಸುಪಾಸು ಸಾಕು. ಅಂದರೆ ಗಿಡ್ಡ ಸ್ಪ್ಯಾನರಿನಲ್ಲಿ ಮಣಿಕಟ್ಟಿನ ಬಲ, ತೋಳಿನ ಬಲ ಅಲ್ಲ. ಬೋಲ್ಟ್ ತಿರುಗುತ್ತಲೇ ಇದ್ದು ಬಿಗಿಯಾಗದಿದ್ದರೆ ಅಲ್ಲಿಗೇ ನಿಲ್ಲಿಸಿ. ಲೇತ್ ಅಂಗಡಿಯಲ್ಲಿ ಹೆಲಿಕಾಯಿಲ್ (ಕಿತ್ತ ಥ್ರೆಡ್ಡಿನ ಜಾಗಕ್ಕೆ ಹಾಕುವ ತಂತಿ ಸುರುಳಿ) ಕೂರಿಸಿದರೆ ಸರಿಹೋಗುತ್ತದೆ. ಟೆಫ್ಲಾನ್ ಟೇಪು ಸುತ್ತಿ ಮುಂದೂಡಬೇಡಿ.

ಆಮೇಲೆ ಡಿಪ್‌ಸ್ಟಿಕ್ ಕ್ಯಾಪಿನ ಓ-ರಿಂಗ್, ಆಯಿಲ್ ಜಾಲರಿ ಅಥವಾ ಫಿಲ್ಟರ್ ಮುಚ್ಚಳದ ಓ-ರಿಂಗ್ ನೋಡಿ. ಅದು ಚಪ್ಪಟೆಯಾಗಿದ್ದರೆ ಅಥವಾ ಅಂಚಿಗೆ ಸಿಕ್ಕಿ ಕತ್ತರಿಸಿದ್ದರೆ ಅಲ್ಲಿಂದಲೇ ಜಿನುಗುತ್ತದೆ.

ಕೊನೆಯದಾಗಿ, ಆಯಿಲ್ ಜಾಸ್ತಿ ಹಾಕಿದ್ದಾರಾ? ಒಂದು ಲೀಟರ್ ಡಬ್ಬ ತಂದರೆ ಪೂರ್ತಿ ಸುರಿದುಬಿಡುವುದು ನಮ್ಮಲ್ಲಿ ಮಾಮೂಲು. ಮೇಲಿನ ಗೆರೆ ದಾಟಿದರೆ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದೊಡ್ಡ ಶಾಫ್ಟ್) ಆಯಿಲನ್ನು ಕಡೆಯುತ್ತದೆ, ನೊರೆ ಬರುತ್ತದೆ, ಒಳಗಿನ ಒತ್ತಡ ಏರುತ್ತದೆ. ಚೆನ್ನಾಗಿದ್ದ ಸೀಲ್ ಕೂಡ ಆಗ ಒಸರಲು ಶುರು ಮಾಡುತ್ತದೆ. ಹೆಚ್ಚಿಗೆ ಇರುವುದನ್ನು ಇಳಿಸಿ, ಒಂದೆರಡು ದಿನ ಓಡಿಸಿ ನೋಡಿ. ಖರ್ಚಿಲ್ಲದೆ ನಿಂತರೂ ನಿಲ್ಲಬಹುದು.

ಲಕ್ಷಣ: ಎಡಗಡೆ ಒದ್ದೆ, ಗೇರ್ ಲಿವರ್ ಬಳಿ ಕಪ್ಪು ಜಿಗುಟು

ಸೀಲ್ ಸವೆದ ಕೇಸುಗಳು ಜಾಸ್ತಿ ಸಿಗುವುದು ಇಲ್ಲೇ. ಕಾರಣವೂ ಇದೆ. ಗೇರ್ ಶಾಫ್ಟೂ ಸ್ಪ್ರಾಕೆಟ್ ಶಾಫ್ಟೂ ಇರುವುದು ಚೈನ್ ಕವರಿನ ಹಿಂದೆ. ಅಲ್ಲಿ ಮಣ್ಣು, ಮರಳು, ಹಳೇ ಗ್ರೀಸು ಸೇರಿ ಅರೆಯುವ ಹಿಟ್ಟಿನ ಥರ ಆಗಿರುತ್ತದೆ. ಮಲೆನಾಡಿನ ಮಳೆಗಾಲದ ಕೆಸರು, ಬಯಲುಸೀಮೆಯ ಕೆಂಪು ಧೂಳು, ಎರಡೂ ಸೀಲಿನ ತುಟಿಗೆ, ಅಂದರೆ ಶಾಫ್ಟಿಗೆ ಒತ್ತಿಕೊಂಡಿರುವ ರಬ್ಬರ್ ಅಂಚಿಗೆ, ಮರಳು ಕಾಗದ ಉಜ್ಜಿದ ಹಾಗೆಯೇ. ಮೇಲಿಂದ ವಾಟರ್ ಸರ್ವಿಸ್‌ನವರು ಪ್ರೆಶರ್ ಗನ್ನನ್ನು ನೇರವಾಗಿ ಅಲ್ಲಿಗೇ ಹಿಡಿದು ಆ ಮರಳನ್ನು ಒಳಗೆ ತಳ್ಳುತ್ತಾರೆ.

ಮೊದಲು ಒಂದು ಖರ್ಚಿಲ್ಲದ ಪರೀಕ್ಷೆ. ಒಂದು ರಾತ್ರಿ ಸೈಡ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಇನ್ನೊಂದು ರಾತ್ರಿ ಸೆಂಟರ್ ಸ್ಟ್ಯಾಂಡ್. ಸೈಡ್ ಸ್ಟ್ಯಾಂಡಿನಲ್ಲಿ ಗಾಡಿ ಎಡಕ್ಕೆ ವಾಲಿ, ಒಳಗಿನ ಆಯಿಲ್ ಎಡಗಡೆಯ ಸೀಲುಗಳ ಮೇಲೆ ಬಂದು ನಿಲ್ಲುತ್ತದೆ. ಸೈಡ್ ಸ್ಟ್ಯಾಂಡಿನಲ್ಲಿ ಮಾತ್ರ ಹನಿ ಬಿದ್ದು ಸೆಂಟರ್ ಸ್ಟ್ಯಾಂಡಿನಲ್ಲಿ ಪೇಪರ್ ಒಣಗಿದ್ದರೆ ಎಡಗಡೆಯ ಸೀಲ್ ಅಂತ ಹೆಚ್ಚು ಕಡಿಮೆ ಖಚಿತ.

ಈಗ ಗೇರ್ ಲಿವರ್ ಬಿಚ್ಚಬೇಕು. ಬಿಚ್ಚುವ ಮೊದಲು ಲಿವರ್ ಮತ್ತು ಶಾಫ್ಟಿನ ಮೇಲೆ ಸೇರಿಸಿ ಒಂದು ಗೆರೆ ಹಾಕಿ, ಆಮೇಲೆ ಅದೇ ಹಲ್ಲಿಗೆ ಕೂರಿಸಲು ಸುಲಭ. ಚೈನ್ ಕವರ್ ತೆಗೆಯಿರಿ. ಒಳಗಿನ ಜಿಗುಟನ್ನೆಲ್ಲ ಹಳೇ ಬ್ರಷ್ಷು, ಸೀಮೆಎಣ್ಣೆ ಹಾಕಿ ತೆಗೆಯಿರಿ. ಬನಿಯನ್ ವೇಸ್ಟಿನಲ್ಲಿ ಪೂರ್ತಿ ಒಣಗುವಷ್ಟು ಒರೆಸಿ. ಈ ಕೆಲಸಕ್ಕೆ ಅರ್ಧ ಗಂಟೆ ಹೋದರೂ ಪರವಾಗಿಲ್ಲ. ಜಾಗ ಕ್ಲೀನ್ ಆಗದೆ ಸೋರಿಕೆ ಹುಡುಕುವುದು ಕತ್ತಲೆಯಲ್ಲಿ ಸೂಜಿ ಹುಡುಕಿದ ಹಾಗೆ.

ಒಣಗಿದ ಮೇಲೆ ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರ್ ತಗೊಂಡು ಎರಡೂ ಶಾಫ್ಟಿನ ಸುತ್ತ ತೆಳ್ಳಗೆ ಉದುರಿಸಿ. ಗಾಡಿ ನ್ಯೂಟ್ರಲ್‌ನಲ್ಲೇ ಇರಲಿ. ಎಂಜಿನ್ನನ್ನು ಹತ್ತು ನಿಮಿಷ ಐಡಲ್‌ನಲ್ಲಿ ಓಡಿಸಿ, ಆಫ್ ಮಾಡಿ, ಸೈಡ್ ಸ್ಟ್ಯಾಂಡಿನಲ್ಲಿ ಬಿಡಿ. ಆಯಿಲ್ ಬಂದ ಜಾಗದಲ್ಲಿ ಬಿಳಿ ಪೌಡರಿನ ಮೇಲೆ ಕಂದು ಗೆರೆ ಮೂಡುತ್ತದೆ. ಗೆರೆ ಕೆಳಗೆ ಹರಿದಿರುತ್ತದೆ, ಆದ್ದರಿಂದ ಅದರ ಮೇಲಿನ ತುದಿ ಎಲ್ಲಿದೆ ನೋಡಿ. ಓಡುವ ಗಾಡಿಯಲ್ಲಿ ಗಾಳಿ ಆಯಿಲನ್ನು ಹಿಂದಕ್ಕೂ ತಳ್ಳುತ್ತದೆ. ಹಾಗಾಗಿ ಒದ್ದೆ ಜಾಗದಲ್ಲಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಇರುವ ಬಿಂದುವೇ ಮೂಲ.

ಗೆರೆ ಗೇರ್ ಶಾಫ್ಟಿನ ಸುತ್ತ ಶುರುವಾಗಿದ್ದರೆ ಅದೃಷ್ಟ ಚೆನ್ನಾಗಿದೆ ಅನ್ನಿ. ಹಲವು ಗಾಡಿಗಳಲ್ಲಿ ಈ ಸೀಲನ್ನು ಎಂಜಿನ್ ಬಿಚ್ಚದೆ ಹೊರಗಿನಿಂದಲೇ ಬದಲಿಸಬಹುದು. ಸ್ಪ್ರಾಕೆಟ್ ಶಾಫ್ಟಿನ ಸುತ್ತ ಆಗಿದ್ದರೆ ಇನ್ನೊಂದು ಪರೀಕ್ಷೆ ಮಾಡಿ: ಚೈನ್ ಸಡಿಲ ಮಾಡಿ, ಸ್ಪ್ರಾಕೆಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕೈಗೆ ಗೊತ್ತಾಗುವಷ್ಟು ಆಟ ಇದ್ದರೆ, ಟಕ್ ಟಕ್ ಅಂದರೆ, ತಪ್ಪು ಸೀಲಿನದ್ದಲ್ಲ, ಅದರ ಹಿಂದಿನ ಬೇರಿಂಗಿನದ್ದು. ಶಾಫ್ಟ್ ಓಲಾಡುತ್ತಿರುವಾಗ ಎಷ್ಟು ಹೊಸ ಸೀಲ್ ಹಾಕಿದರೂ ತುಟಿ ಒಂದು ಕಡೆ ಬಿಟ್ಟುಕೊಳ್ಳುತ್ತದೆ. ಅಲ್ಲಿಗೆ ಮನೆ ಕೆಲಸ ನಿಲ್ಲಿಸಿ, ಎಂಜಿನ್ ಬಿಚ್ಚಬಲ್ಲವರ ಹತ್ತಿರ ಹೋಗಿ. ಬೇರಿಂಗ್ ಯಾಕೆ ಹೋಯಿತು ಅಂದರೆ, ಬಹಳ ಸಲ ಚೈನ್ ಅತಿಯಾಗಿ ಬಿಗಿ ಇಟ್ಟಿದ್ದರಿಂದ. ಸಣ್ಣ ಬೈಕ್‌ಗಳಲ್ಲಿ ಚೈನಿನ ನಡುವೆ ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಆಟ ಇರಬೇಕು.

ಕೆಲವು ಬೈಕ್‌ಗಳಲ್ಲಿ ಸ್ಪ್ರಾಕೆಟ್ ಹಿಂದೆ ಶಾಫ್ಟಿನ ಮೇಲೆ ಒಂದು ಕಾಲರ್ ಇರುತ್ತದೆ, ಅದರೊಳಗೆ ಓ-ರಿಂಗ್. ಆಯಿಲ್ ಸೀಲಿನ ತುಟಿಯಿಂದ ಬರದೆ ಶಾಫ್ಟಿನ ಹಲ್ಲುಗಳ ನಡುವಿನಿಂದ ಬರುತ್ತಿದ್ದರೆ ಆ ಓ-ರಿಂಗ್ ಹೋಗಿದೆ ಅಂತ ಅರ್ಥ. ಸೀಲ್ ಮಾತ್ರ ಬದಲಿಸಿ "ಮತ್ತೆ ಸೋರ್ತಿದೆ" ಅಂತ ಬರುವ ಗಾಡಿಗಳಲ್ಲಿ ಇದೂ ಒಂದು ಕಾರಣ.

ಎಡಗಡೆಯ ಸೀಲ್ ಬದಲಿಸುವುದು

ಮೊದಲು ಆಯಿಲ್ ಇಳಿಸಿ. ಸೀಲ್ ಎಷ್ಟು ಒಳಗೆ ಕೂತಿದೆ ಅಂತ ನೋಡಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ಸೀಲಿನ ಮುಖದ ಮೇಲೆ ಮೂರು ಅಂಕಿ ಇರುತ್ತವೆ. ಉದಾಹರಣೆಗೆ 20×34×7 ಅಂತಿದ್ದರೆ ಒಳ ವ್ಯಾಸ 20, ಹೊರ ವ್ಯಾಸ 34, ದಪ್ಪ 7 ಮಿಲಿಮೀಟರ್. ಅಂಗಡಿಗೆ ಗಾಡಿಯ ಮಾಡೆಲ್, ವರ್ಷ, ಈ ಅಂಕಿ ಮೂರೂ ಹೇಳಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಜಾಗದಲ್ಲಿ ಒಂದೇ ಅಳತೆಯ ನಾಲ್ಕು ಥರದ ಸೀಲು ಎದುರಿಗೆ ಇಡುತ್ತಾರೆ. ಕಂಪನಿಯದ್ದೇ ತಗೊಳ್ಳಿ. ಇಷ್ಟು ಸಣ್ಣ ಸಾಮಾನಿನಲ್ಲಿ ಡೂಪ್ಲಿಕೇಟ್ ತಗೊಂಡು ಉಳಿಸುವುದು ಏನೂ ಇಲ್ಲ, ಬಿಚ್ಚಿ ಕಟ್ಟುವ ಕೆಲಸ ಮಾತ್ರ ಎರಡು ಸಲ.

ಸ್ಪ್ರಾಕೆಟ್ ತೆಗೆಯಬೇಕಿದ್ದರೆ ಮೊದಲು ಹಿಂದಿನ ಆಕ್ಸಲ್ ಸಡಿಲ ಮಾಡಿ ಚೈನ್ ಬಿಡಿ. ಹೆಚ್ಚಿನ 100 ಸಿಸಿ ಬೈಕ್‌ಗಳಲ್ಲಿ ಸ್ಪ್ರಾಕೆಟ್ಟನ್ನು ಎರಡು ಸಣ್ಣ ಬೋಲ್ಟಿನ ಲಾಕ್ ಪ್ಲೇಟ್ ಹಿಡಿದಿರುತ್ತದೆ.

ಹಳೇ ಸೀಲ್ ತೆಗೆಯಲು ತುದಿ ಬಾಗಿದ ಕೊಕ್ಕೆ ಒಳ್ಳೆಯದು. ಸ್ಕ್ರೂಡ್ರೈವರ್ ಹಾಕಿ ಮೀಟುವಾಗ ಶಾಫ್ಟಿಗಾಗಲಿ ಸೀಲ್ ಕೂರುವ ಗೂಡಿಗಾಗಲಿ ಗೀರು ಬಿದ್ದರೆ ಅದೇ ಗೀರಿನಲ್ಲಿ ನಾಳೆ ಆಯಿಲ್ ಬರುತ್ತದೆ. ಗೇರ್ ಶಾಫ್ಟನ್ನು ಹೊರಕ್ಕೆ ಎಳೆಯಬೇಡಿ, ಒಳಕ್ಕೆ ತಳ್ಳಬೇಡಿ. ಕೆಲವು ಎಂಜಿನ್‌ಗಳಲ್ಲಿ ಅದು ಜಾರಿದರೆ ಒಳಗಿನ ಸ್ಪ್ರಿಂಗು ತಪ್ಪಿ, ಬಲಗಡೆಯ ಕ್ಲಚ್ ಕವರ್ ಬಿಚ್ಚುವ ತನಕ ಗೇರ್ ಬೀಳುವುದಿಲ್ಲ. ಇನ್ನೊಂದು ಮಾತು: ಕೆಲವು ಮಾಡೆಲ್‌ಗಳಲ್ಲಿ ಸೀಲಿನ ಹೊರ ಅಂಚಿಗೆ ಉಬ್ಬು ಇರುತ್ತದೆ ಅಥವಾ ಅದನ್ನು ಒಳಗಿನಿಂದ ಕೂರಿಸಿರುತ್ತಾರೆ. ಮೀಟಿದರೆ ಸ್ವಲ್ಪವೂ ಅಲುಗದಿದ್ದರೆ ಬಲ ಹಾಕಬೇಡಿ. ಅದಕ್ಕೆ ಎಂಜಿನ್ ಕೇಸ್ ಬಿಚ್ಚಲೇಬೇಕು.

ಸೀಲ್ ಬಂದ ಮೇಲೆ ಶಾಫ್ಟ್ ಒರೆಸಿ ಉಗುರು ಆಡಿಸಿ ನೋಡಿ. ಉಗುರು ಸಿಕ್ಕಿಕೊಳ್ಳುವಂಥ ಗೆರೆ ಸುತ್ತಲೂ ಕಂಡರೆ, ಹಳೇ ತುಟಿ ಅಲ್ಲಿ ತಿರುಗಿ ತಿರುಗಿ ಕಬ್ಬಿಣದಲ್ಲೇ ಗುಳಿ ಮಾಡಿದೆ. ಕಬ್ಬಿಣಕ್ಕಿಂತ ಮೆತ್ತಗಿನ ರಬ್ಬರ್ ಹೇಗೆ ಗುಳಿ ಮಾಡಿತು ಅನ್ನಿಸುತ್ತದೆ ಅಲ್ವಾ? ತುಟಿಯಲ್ಲಿ ಸಿಕ್ಕಿಕೊಂಡ ಮರಳು ಮಾಡಿದ ಕೆಲಸ ಅದು. ಗೂಡಿನಲ್ಲಿ ಜಾಗ ಇದ್ದರೆ ಹೊಸ ಸೀಲನ್ನು ಒಂದು ಮಿಲಿಮೀಟರ್ ಹಿಂದೆ ಮುಂದೆ ಕೂರಿಸಿದರೆ ತುಟಿ ಹೊಸ ಜಾಗದಲ್ಲಿ ಕೂರುತ್ತದೆ. ಜಾಗ ಇಲ್ಲದಿದ್ದರೆ ಶಾಫ್ಟಿಗೆ ತೆಳು ಸ್ಲೀವ್ ಹಾಕಿಸಬೇಕು ಅಥವಾ ಶಾಫ್ಟನ್ನೇ ಬದಲಿಸಬೇಕು.

ಹೊಸ ಸೀಲಿನ ಒಂದು ಬದಿಯಲ್ಲಿ ಸಣ್ಣ ಉಂಗುರದ ಸ್ಪ್ರಿಂಗ್ ಕಾಣುತ್ತದೆ. ಆ ಬದಿ ಆಯಿಲ್ ಇರುವ ಕಡೆಗೆ, ಅಂದರೆ ಎಂಜಿನ್ ಒಳಗಡೆಗೆ. ತುಟಿಗೆ ಎಂಜಿನ್ ಆಯಿಲ್ ಅಥವಾ ಗ್ರೀಸ್ ಸವರಿ. ಒಣ ತುಟಿ ಮೊದಲ ಕಿಕ್ಕಿಗೇ ಸುಟ್ಟುಕೊಳ್ಳುತ್ತದೆ. ಶಾಫ್ಟಿನ ಹಲ್ಲುಗಳು ಚೂಪಾಗಿರುತ್ತವೆ, ಅವುಗಳ ಮೇಲೆ ತೆಳುವಾದ ಪ್ಲಾಸ್ಟಿಕ್ ಸುತ್ತಿ, ಅದರ ಮೇಲೆ ಸೀಲನ್ನು ಜಾರಿಸಿ, ಆಮೇಲೆ ಪ್ಲಾಸ್ಟಿಕ್ ಎಳೆದು ತೆಗೆಯಿರಿ. ಸೀಲಿನ ಹೊರ ವ್ಯಾಸಕ್ಕೆ ಹತ್ತಿರದ ಸಾಕೆಟ್ ಅಥವಾ ಪೈಪ್ ತುಂಡು ಇಟ್ಟು ಸುತ್ತಲೂ ಸಮನಾಗಿ, ಮೆಲ್ಲಗೆ ತಟ್ಟಿ. ಒಂದು ಕಡೆ ಮೊದಲು ಇಳಿದರೆ ಬಲವಂತ ಮಾಡದೆ ತೆಗೆದು ಮತ್ತೆ ಶುರು ಮಾಡಿ.

ಲಕ್ಷಣ: ಬಲಗಡೆ, ಕಿಕ್ಕರ್ ಕೆಳಗೆ ಹನಿ

ಕಿಕ್ಕರ್ ಶಾಫ್ಟಿನ ಸೀಲು. ಒರೆಸಿ, ಪೌಡರ್ ಹಾಕಿ, ನಾಲ್ಕೈದು ಸಲ ಕಿಕ್ ಹೊಡೆದು ನೋಡಿ. ಹೆಚ್ಚಿನ ಗಾಡಿಗಳಲ್ಲಿ ಹೊರಗಿನಿಂದಲೇ ಬದಲಿಸಬಹುದು. ಒದ್ದೆ ಶಾಫ್ಟಿನಲ್ಲಿ ಇಲ್ಲದೆ ಕವರಿನ ಅಂಚಿನುದ್ದಕ್ಕೂ ಇದ್ದರೆ ಕ್ಲಚ್ ಕವರ್ ಪ್ಯಾಕಿಂಗ್. ಅದಕ್ಕೆ ಮೊದಲು ಕವರಿನ ಬೋಲ್ಟುಗಳು ಸಡಿಲ ಆಗಿವೆಯಾ ನೋಡಿ. ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ಲಕ್ಷಣ: ಎಂಜಿನ್ ಮೇಲ್ಭಾಗ ಒದ್ದೆ, ಸುಟ್ಟ ವಾಸನೆ

ಟ್ಯಾಪೆಟ್ ಕ್ಯಾಪಿನ (ವಾಲ್ವ್ ಸಂದಿ ಸೆಟ್ ಮಾಡಲು ತೆಗೆಯುವ ಮುಚ್ಚಳದ) ಓ-ರಿಂಗ್ ಅಥವಾ ಹೆಡ್ ಕವರಿನ ರಬ್ಬರ್. ಟ್ಯಾಪೆಟ್ ಸೆಟ್ ಮಾಡಿಸಿದ ಮೇಲೆ ಬಂದಿದ್ದರೆ ಇನ್ನೂ ಖಚಿತ. ಹಳೇ ಓ-ರಿಂಗನ್ನೇ ಮತ್ತೆ ಹಾಕಿರುತ್ತಾರೆ. ಇದು ಅಗ್ಗದ ಕೆಲಸ, ಮನೆಯಲ್ಲೇ ಆಗುತ್ತದೆ. ಆದರೆ ಒದ್ದೆ ಪಿಸ್ಟನ್ ಓಡಾಡುವ ಬ್ಲಾಕಿನ ಬುಡದಲ್ಲಿ, ಅಂದರೆ ಬ್ಲಾಕು ಕೇಸಿಗೆ ಕೂರುವ ಸಂದಿಯಲ್ಲಿ ಇದ್ದರೆ ಅದು ಬೇಸ್ ಪ್ಯಾಕಿಂಗ್. ಅದಕ್ಕೆ ಹೆಡ್ಡು, ಬ್ಲಾಕು ಎರಡೂ ಎತ್ತಬೇಕು. ಸುಮ್ನೆ ಒಸರುತ್ತಿದ್ದರೆ ಮುಂದಿನ ದೊಡ್ಡ ಕೆಲಸದ ತನಕ ಡಿಪ್‌ಸ್ಟಿಕ್ ನೋಡಿಕೊಂಡು ಓಡಿಸಬಹುದು ಅನ್ನುವುದು ನನ್ನ ಅಭಿಪ್ರಾಯ. ಆಯಿಲ್ ಸೈಲೆನ್ಸರ್ ಪೈಪಿನ ಮೇಲೆ ಹರಿದು ಹೊಗೆ ಬರುತ್ತಿದ್ದರೆ ಮಾತ್ರ ಕಾಯಬೇಡಿ.

ಲಕ್ಷಣ: ಒಂದಲ್ಲ, ಎರಡು ಮೂರು ಕಡೆ ಒಟ್ಟಿಗೆ ಸೋರುತ್ತಿದೆ

ಎಲ್ಲ ಸೀಲುಗಳೂ ಒಂದೇ ವಾರ ಕೈಕೊಡುವುದು ಅಪರೂಪ. ಒಳಗಿನ ಒತ್ತಡ ಏರಿದೆ ಅಂತ ಅನುಮಾನ ಪಡಿ. ಪಿಸ್ಟನ್ ಕೆಳಗಿಳಿದಾಗಲೆಲ್ಲ ಕೇಸಿನ ಗಾಳಿ ಹೊರಹೋಗಲು ಒಂದು ಬ್ರೀದರ್ ಪೈಪ್ ಇರುತ್ತದೆ. ಅದು ಮಡಚಿದ್ದರೆ, ಕೆಸರು ಕಟ್ಟಿದ್ದರೆ, ಕಣಜದ ಹುಳು ಗೂಡು ಮಾಡಿದ್ದರೆ ಒತ್ತಡ ಸೀಲುಗಳನ್ನು ಹುಡುಕಿಕೊಂಡು ಹೋಗುತ್ತದೆ. ಪೈಪ್ ಕಿತ್ತು ಊದಿ ನೋಡಿ. ಕಾಸು ಖರ್ಚಿಲ್ಲ.

ಪೈಪ್ ಸರಿ ಇದ್ದು, ಎಂಜಿನ್ ಓಡುವಾಗ ಅದರ ತುದಿಯಿಂದ ಬುಸ್ ಬುಸ್ ಅಂತ ಹೊಗೆ ಜೋರಾಗಿ ಬರುತ್ತಿದ್ದರೆ ಪಿಸ್ಟನ್ ರಿಂಗ್ ಸವೆದು ಉರಿದ ಗಾಳಿ ಕೆಳಗೆ ನುಗ್ಗುತ್ತಿದೆ. ಆಗ ಸೀಲ್ ಬದಲಿಸುವುದು ದಂಡ. ಮೊದಲು ಬ್ಲಾಕಿನ ಕೆಲಸ ಆಗಬೇಕು.

ಲಕ್ಷಣ: ನೆಲದಲ್ಲಿ ಹನಿ ಇಲ್ಲ, ಆದರೂ ಆಯಿಲ್ ಕಡಿಮೆಯಾಗುತ್ತಿದೆ

ಆಯಿಲ್ ಒಳಗೇ ಸುಡುತ್ತಿದೆ. ಹೊಗೆ ಯಾವಾಗ ಬರುತ್ತದೆ ಅನ್ನುವುದನ್ನು ಗಮನಿಸಿ. ಬೆಳಿಗ್ಗೆ ಮೊದಲ ಸ್ಟಾರ್ಟಿಗೆ ಒಂದು ದಟ್ಟ ನೀಲಿ ಹೊಗೆ ಬಂದು ಆಮೇಲೆ ನಿಂತರೆ ವಾಲ್ವ್ ಸೀಲಿನ ಮೇಲೆ ಅನುಮಾನ. ಆಗುಂಬೆ ಅಥವಾ ಚಾರ್ಮಾಡಿ ಥರದ ಘಾಟಿಯನ್ನು ಆಕ್ಸಿಲರೇಟರ್ ಮುಚ್ಚಿಕೊಂಡು ಇಳಿದು, ಕೆಳಗೆ ಬಂದು ಮತ್ತೆ ಕೊಟ್ಟಾಗ ಹಿಂದೆ ನೀಲಿ ಹೊಗೆ ಎದ್ದರೂ ಅದೇ ಕಥೆ. ಇಳಿಜಾರಿನಲ್ಲಿ ಎಂಜಿನ್ ಜೋರಾಗಿ ಎಳೆಯುವ ನಿರ್ವಾತ, ಸವೆದ ವಾಲ್ವ್ ಸೀಲಿನ ಮೂಲಕ ಆಯಿಲನ್ನು ಒಳಗೆ ಹೀರುತ್ತದೆ.

ಏರು ಹತ್ತುವಾಗ, ಲೋಡ್ ಇದ್ದಾಗ, ಸದಾ ಹೊಗೆ ಇದ್ದರೆ ರಿಂಗು. ಮೆಕ್ಯಾನಿಕ್‌ಗೆ ಕಂಪ್ರೆಷನ್ ಅಳೆಯಲು ಹೇಳಿ. ಪ್ಲಗ್ ರಂಧ್ರದಲ್ಲಿ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆದಾಗ ಕಂಪ್ರೆಷನ್ ಚೆನ್ನಾಗಿ ಏರಿದರೆ ರಿಂಗ್ ಸವೆದಿದೆ ಅಂತ ಅರ್ಥ. ಎರಡೂ ಮನೆಯಲ್ಲಿ ಮಾಡುವ ರಿಪೇರಿ ಅಲ್ಲ. ಆದರೆ ವಾಲ್ವ್ ಸೀಲಿಗೂ, ಸವೆದ ಬ್ಲಾಕನ್ನು ಕೊರೆಸುವ ಬೋರಿಂಗ್ ಮಾಡಿಸುವುದಕ್ಕೂ ಖರ್ಚಿನಲ್ಲಿ ಬಹಳ ಅಂತರ ಇದೆ. ಯಾವುದು ಅಂತ ತಿಳಿದುಕೊಂಡು ಹೋದರೆ ಒಳ್ಳೆಯದು.

ಸ್ಕೂಟರ್: ಹಿಂದಿನ ಬ್ರೇಕ್ ಹಿಡಿಯುತ್ತಿಲ್ಲ, ರಿಮ್ ಒದ್ದೆ

ಇದನ್ನು ಕಂಡ ದಿನವೇ ಗಾಡಿ ನಿಲ್ಲಿಸಿ. ಸ್ಕೂಟರಿನಲ್ಲಿ ಹಿಂದಿನ ಚಕ್ರಕ್ಕೆ ಬೇರೆ ಗೇರ್ ಡಬ್ಬಿ, ಬೇರೆ ಗೇರ್ ಆಯಿಲ್ ಇರುತ್ತದೆ. 110 ಸಿಸಿ ಸ್ಕೂಟರ್‌ಗಳಲ್ಲಿ ಅದು ಹೆಚ್ಚು ಕಡಿಮೆ 100 ಎಂಎಲ್ ಚಿಲ್ಲರೆ ಮಾತ್ರ. ಆಕ್ಸಲ್ ಸೀಲ್ ಹೋದರೆ ಅದು ನೇರ ಬ್ರೇಕ್ ಡ್ರಮ್ಮಿಗೆ ಇಳಿಯುತ್ತದೆ. ಆಯಿಲ್ ಕುಡಿದ ಬ್ರೇಕ್ ಶೂಗಳನ್ನು ಒರೆಸಿ, ಉಜ್ಜಿ, ಸುಟ್ಟು ಮತ್ತೆ ಹಾಕಬೇಡಿ. ಸೀಲಿನ ಜೊತೆ ಶೂ ಕೂಡ ಹೊಸದೇ ಆಗಬೇಕು.

ಆಕ್ಸಿಲರೇಟರ್ ಕೊಟ್ಟರೆ ಎಂಜಿನ್ ಸದ್ದು ಏರುತ್ತದೆ, ಗಾಡಿ ಮಾತ್ರ ಓಡುವುದಿಲ್ಲ, ಎಡಗಡೆಯ ಉದ್ದ ಕವರಿನ ಅಂಚಲ್ಲಿ ಆಯಿಲ್ ಕಾಣುತ್ತದೆ ಅಂದರೆ ಕ್ರ್ಯಾಂಕ್ ಸೀಲ್ ಸೋರಿ ಬೆಲ್ಟ್ ಒದ್ದೆಯಾಗಿರಬಹುದು. ಆ ಸೀಲ್ ಇರುವುದು ಬೆಲ್ಟ್ ಓಡಿಸುವ ವೇರಿಯೇಟರ್ ಹಿಂದೆ, ಅದನ್ನು ತೆಗೆಯಲು ಅದಕ್ಕೇ ಅಂತ ಹೋಲ್ಡರ್ ಬೇಕು. ಗ್ಯಾರೇಜಿಗೆ ಬಿಡಿ.

ಟು ಸ್ಟ್ರೋಕ್: ಹನಿಯೂ ಇಲ್ಲ, ಹೊಗೆ ಮಾತ್ರ ವಿಪರೀತ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ನಿಂತರೂ ಅಲ್ಲಿಂದ ಬಂದ ಯೆಜ್ಡಿಗಳು ಇನ್ನೂ ಓಡುತ್ತಿವೆ. ಆರ್‌ಎಕ್ಸ್ 100 ಬಗ್ಗೆಯಂತೂ ಹೇಳುವುದೇ ಬೇಡ. ಇವುಗಳಲ್ಲಿ ಕ್ರ್ಯಾಂಕ್ ಸೀಲ್ ಹೋದರೆ ಹೊರಗೆ ಏನೂ ಬೀಳದೆ ಇರಬಹುದು. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಬಾಕ್ಸಿನ ಆಯಿಲನ್ನು ಎಂಜಿನ್ ಒಳಗೆ ಎಳೆದುಕೊಂಡು ಸುಡುತ್ತದೆ. ಬಿಳಿ ಹೊಗೆ ನಿಲ್ಲುವುದಿಲ್ಲ, ಗೇರ್ ಆಯಿಲ್ ಮಾತ್ರ ಇಳಿಯುತ್ತಾ ಹೋಗುತ್ತದೆ. ಮ್ಯಾಗ್ನೆಟ್ (ಕರೆಂಟ್ ಕೊಡುವ ಭಾಗ) ಕಡೆಯ ಸೀಲ್ ಹೋದರೆ ಗಾಳಿ ಎಳೆಯುತ್ತದೆ: ಐಡಲ್ ತಾನಾಗಿ ಏರುತ್ತದೆ, ಆಕ್ಸಿಲರೇಟರ್ ಬಿಟ್ಟರೂ ಬೇಗ ಇಳಿಯುವುದಿಲ್ಲ, ಪ್ಲಗ್ ಬೆಳ್ಳಗಾಗುತ್ತದೆ. ಹಾಗೇ ಓಡಿಸಿದರೆ ಪಿಸ್ಟನ್ ಜಾಮ್ ಆಗುತ್ತದೆ. ಹೊಗೆ ಕಂಡು ಕಾರ್ಬ್ಯುರೇಟರ್ ಟ್ಯೂನ್ ಮಾಡಿಸುತ್ತಾ ಕೂರಬೇಡಿ.

ಅಂಟು, ದಪ್ಪ ಆಯಿಲ್, ಸೋರಿಕೆ ನಿಲ್ಲಿಸುವ ದ್ರವ

ಹೊರಗಿನಿಂದ ಅನಾಬಾಂಡ್ ಥರದ ಅಂಟು ಮೆತ್ತಿದರೆ ಆಯಿಲ್ ಮೇಲೆ ಅದು ಹಿಡಿಯುವುದೇ ಇಲ್ಲ. ಕವರ್ ಒಳಗೆ ಧಾರಾಳವಾಗಿ ಹಚ್ಚಿದರೆ ಹೆಚ್ಚಿನದು ಉದುರಿ ಆಯಿಲ್ ಜಾಲರಿಗೆ ಕಟ್ಟಿಕೊಳ್ಳುತ್ತದೆ. 10ಡಬ್ಲ್ಯೂ-30 ಬೇಕಾದ ಗಾಡಿಗೆ ಅದಕ್ಕಿಂತ ದಪ್ಪದ 20ಡಬ್ಲ್ಯೂ-50 ಹಾಕಿ "ಈಗ ಸೋರಲ್ಲ" ಅನ್ನುವವರಿದ್ದಾರೆ. ಹನಿ ಸ್ವಲ್ಪ ನಿಧಾನ ಆಗುತ್ತದೆ, ಸೀಲಿನ ಸವೆತ ಹಾಗೇ ಇರುತ್ತದೆ. ಚಳಿಯಲ್ಲಿ ಮೇಲಿನ ಭಾಗಕ್ಕೆ ಆಯಿಲ್ ತಡವಾಗಿ ತಲುಪುವುದು ಮಾತ್ರ ಹೊಸ ಸಮಸ್ಯೆ. ರಬ್ಬರ್ ಉಬ್ಬಿಸುವ ದ್ರವಗಳು ಕಾರಿನವರಿಗೆ ಏನು ಮಾಡುತ್ತವೋ, ಬೈಕಿನಲ್ಲಿ ಕ್ಲಚ್ ಪ್ಲೇಟುಗಳೂ ಅದೇ ಆಯಿಲಿನಲ್ಲಿ ಮುಳುಗಿರುತ್ತವೆ. ಅವು ಜಾರಲು ಶುರುವಾದರೆ ಖರ್ಚು ಎರಡಾಗುತ್ತದೆ. ಬೈಕಿಗೆ ಆಯಿಲ್ ಕೊಳ್ಳುವಾಗಲೂ ಡಬ್ಬದ ಮೇಲೆ ಜಾಸೋ ಎಂಎ ಅಥವಾ ಎಂಎ2 (ಆಯಿಲಿನಲ್ಲಿ ಮುಳುಗುವ ಕ್ಲಚ್ಚಿಗೆ ಹೊಂದುವ ಗ್ರೇಡು) ಅಂತಿರಲಿ. ಎಂಬಿ ಸ್ಕೂಟರ್‌ಗಳಿಗೆ.

ಇಳಿಸಿದ ಹಳೇ ಆಯಿಲ್ ಚರಂಡಿಗೆ ಬೇಡ, ಗಿಡದ ಬುಡಕ್ಕೂ ಬೇಡ. ಡಬ್ಬದಲ್ಲಿ ತುಂಬಿ ಹಳೇ ಆಯಿಲ್ ಕೊಳ್ಳುವ ಗ್ಯಾರೇಜಿಗೆ ಕೊಡಿ.

ತೆಗೆದ ಸೀಲನ್ನು ಎಸೆಯುವ ಮೊದಲು

ಗ್ಯಾರೇಜಿನಲ್ಲಿ ಮಾಡಿಸಿದರೂ ಹಳೇ ಸೀಲ್ ವಾಪಸ್ ಕೇಳಿ. ಒರೆಸಿ, ಬೆಳಕಿಗೆ ಹಿಡಿದು ತುಟಿ ನೋಡಿ. ಗಟ್ಟಿಯಾಗಿ, ಬಾಗಿಸಿದರೆ ಬಿರುಕು ಬಿಟ್ಟರೆ ವಯಸ್ಸು ಮತ್ತು ಬಿಸಿ ಕಾರಣ. ಹೊಸದು ಹಾಕಿದರೆ ವರ್ಷಗಟ್ಟಲೆ ಬಾಳುತ್ತದೆ. ತುಟಿ ಒಂದೇ ಕಡೆ ಅಗಲವಾಗಿ ಸವೆದು ಎದುರುಕಡೆ ಹೊಸದರ ಹಾಗೆ ಇದ್ದರೆ ಶಾಫ್ಟ್ ಓಲಾಡುತ್ತಿದೆ, ಬೇರಿಂಗ್ ಮತ್ತೆ ಪರೀಕ್ಷಿಸಿ. ತುಟಿಯಲ್ಲಿ ಚೂಪಾದ ಸೀಳು ಇದ್ದರೆ ಹಿಂದೆ ಕೂರಿಸಿದವರು ಹಲ್ಲುಗಳ ಮೇಲೆ ಏನೂ ಸುತ್ತದೆ ತಳ್ಳಿದ್ದಾರೆ.

ರಬ್ಬರ್ ಉಬ್ಬಿ ಮೆತ್ತಗಾಗಿದ್ದರೆ ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಇದ್ದು, ಏನೂ ಹಾಕದೆ ಆಯಿಲ್ ಮಟ್ಟ ಏರಿದ್ದರೆ, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ತಡೆಯುವ ನೀಡಲ್ ಸರಿಯಾಗಿ ಮುಚ್ಚದೆ ಪೆಟ್ರೋಲ್ ಎಂಜಿನ್ನಿಗೆ ಇಳಿಯುತ್ತಿದೆ. ಗಾಡಿ ಸ್ಟಾರ್ಟ್ ಮಾಡಬೇಡಿ. ಪೆಟ್ರೋಲ್ ಕಾಕ್ ಮುಚ್ಚಿ, ನೀಡಲ್ ಸರಿ ಮಾಡಿಸಿ, ಆ ಆಯಿಲ್ ಪೂರ್ತಿ ಇಳಿಸಿ, ಹೊಸದು ಹಾಕಿದ ಮೇಲೆಯೇ ಕಿಕ್ ಹೊಡೆಯಿರಿ.